ಕೊಟ್ಟ ಬಳ್ಳಿ, ಕದ್ದ ಬಳ್ಳಿ

ಅಕ್ಕನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿದ್ದ ಜಾಗ ಒಂದಿತ್ತು, ಅಲ್ಲಿ ಬರೆಯಲಿಲ್ಲ. ಅಲ್ಲಿ ತಪ್ಪಿಸಿದವಳು ಈಗ ಇಲ್ಲಿ ದಪ್ಪಕ್ಷರದಲ್ಲಿ ಬರೆದು ಒಳ್ಳೆಯವಳೆನಿಸಿಕೊಳ್ಳಲು ಹೊರಟರೆ ನನಗೇ ನಾಚಿಕೆಯಾಗುತ್ತದೆ. ಬದುಕಿದ್ದಾಗ ಅಕ್ಕ ಎಂದು ಕರೆಯುತ್ತಿದ್ದೆ, ಇಲ್ಲೂ ಹಾಗೇ ಇರಲಿ.

ಅವರು ಹೋಗಿ ಒಂದೂವರೆ ವರ್ಷವಾಯಿತು. ಅಷ್ಟರಲ್ಲಿ ನಾಲ್ಕು ಸಲ ಬರೆಯಲು ಕೂತು, ನಾಲ್ಕು ಸಲವೂ ಎದ್ದು ಹೋಗಿ ಪಾತ್ರೆ ತೊಳೆದಿದ್ದೇನೆ. ನಿವೃತ್ತಿಯಾದ ಮೇಲೆ ಸುಸ್ತು ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಶುದ್ಧ ಸುಳ್ಳು. ಮೊದಲು ಕೆಲಸ ಮಾಡಿ ಸುಸ್ತಾಗುತ್ತಿತ್ತು, ಈಗ ನೆನಪು ಮಾಡಿಕೊಂಡು ಸುಸ್ತಾಗುತ್ತದೆ, ಅಷ್ಟೇ ವ್ಯತ್ಯಾಸ. ಕಳೆದ ವಾರ ಫೋನಿಗೆ ಒಂದು ಚಿತ್ರ ಬಂತು. ಅದರಿಂದಾಗಿ ಐದನೆಯ ಸಲ ಕೂತಿದ್ದೇನೆ. ಚಿತ್ರದ ವಿಷಯ ಕೊನೆಗೆ ಹೇಳುತ್ತೇನೆ.

ತಮಿಳು ಸೀಮೆಯ ಕಂಬಂ ಕಣಿವೆಯ ಒಂದು ಕಾಲೇಜಿನಲ್ಲಿ ನಾನು ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದೆ. ಅಕ್ಕ ಅದೇ ವಿಭಾಗದಲ್ಲಿ ಅಟೆಂಡರ್. ಅವರ ಕೆಲಸವೆಲ್ಲ ಹರ್ಬೇರಿಯಂ ಕೋಣೆಯಲ್ಲಿ. ನಾವು ತಂದ ಗಿಡಗಳನ್ನು ಕಾಗದದ ನಡುವೆ ಒತ್ತುವುದು, ಒಣಗಿಸುವುದು, ಒಣಗಿದ್ದನ್ನು ದಪ್ಪ ಹಾಳೆಯ ಮೇಲೆ ಸೂಜಿದಾರದಿಂದ ಹೊಲಿಯುವುದು, ಹಾಳೆಯ ಕೆಳಮೂಲೆಗೆ ಚೀಟಿ ಅಂಟಿಸಿ ಬೀರುವಿನಲ್ಲಿ ಇಡುವುದು. ಚೀಟಿಯಲ್ಲಿ ಗಿಡದ ಹೆಸರು, ಸಿಕ್ಕ ಜಾಗ, ತಾರೀಖು ಇರುತ್ತವೆ. ಕೊನೆಗೆ ‘ಸಂಗ್ರಹಿಸಿದವರು’ ಎಂಬ ಒಂದು ಸಾಲು. ಆ ಕೊನೆಯ ಸಾಲನ್ನು ಓದುವವರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಅವರ ಕುಪ್ಪಸದ ಅಂಚಿನಲ್ಲಿ ನೂಲು ಪೋಣಿಸಿದ ಸೂಜಿ ಒಂದು ಯಾವಾಗಲೂ ಇರುತ್ತಿತ್ತು. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಎಲ್ಲೆಲ್ಲೂ. ಗಿಡ ಮುಟ್ಟುವ ಮುಂಚೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದರು. ನಾವು ಗಿಡ ಮುಟ್ಟಿದ ಮೇಲೆ ಕೈ ಒರೆಸಿಕೊಳ್ಳುವವರು. ಹೊಲಿಗೆ ಹಾಕುವಾಗ ಕವಲಿನ ಸಂದಿಯಲ್ಲಿ ಸಣ್ಣದೊಂದು ಕುಣಿಕೆ, ಗಂಟು ಹಾಳೆಯ ಹಿಂದೆ. ಹೂವಿನ ಮೇಲೆ ಮಾತ್ರ ನೂಲು ಹಾಯಿಸುತ್ತಿರಲಿಲ್ಲ.

ಕಾಲೇಜಿನಲ್ಲಿ ನಡೆಯುವುದೆಲ್ಲ ತಮಿಳು. ಸೇರಿದ ಮೊದಲ ವಾರ ಬೀರುವಿನ ಬಾಗಿಲಿಗೆ ಬೆರಳು ಸಿಕ್ಕಿ ನಾನು “ಅಯ್ಯೋ ಅವ್ವಾ” ಎಂದು ಕೂಗಿಕೊಂಡೆ. ಬೀರುವಿನ ಹಿಂದಿನಿಂದ ತಲೆ ಹೊರಬಂತು.

“ಯಾರ್ ಮನೆ ಮಗ್ಳು ನೀ?”

ನಮ್ಮ ಮನೆಮಾತು. ಯಾವ ಕಾಲದಲ್ಲೋ ಈ ಕಣಿವೆಗೆ ಬಂದು ನೆಲೆ ನಿಂತ ಕನ್ನಡದ ಒಕ್ಕಲು ಮನೆಗಳು ನಮ್ಮವು. ಮಾತಿನಲ್ಲಿ ಅರ್ಧಕ್ಕರ್ಧ ತಮಿಳು ಸೇರಿಹೋಗಿದೆ. ಅದಕ್ಕೆ ಲಿಪಿಯೊಂದಿದೆ ಎಂಬುದು ನನಗೆ ತಿಳಿದದ್ದೇ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಎಂ.ಎಸ್ಸಿ. ಓದಲು ಮೈಸೂರಿಗೆ ಹೋದಾಗ. ಅಕ್ಕನಿಗೆ ಒಂದು ದಿನ ಕನ್ನಡ ಅಕ್ಷರ ಬರೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಗುಂಡ್‌ಗುಂಡಾಗಿ ಅಳ್ಗಾಗಿ ಅದೆ. ಹೊಲಿಯಕ್ಕೆ ಮಾತ್ರ ಕಷ್ಟ” ಎಂದರು. ಅಳ್ಗು ಎಂದರೆ ಚೆಂದ.

ಅಂದಿನಿಂದ ನಮಗೆ ಎರಡು ಸಂಬಂಧ. ನಾಲ್ಕು ಜನರೆದುರು ಅವರು ನನಗೆ ತಮಿಳಿನಲ್ಲಿ “ಸರಿಂಗ ಟೀಚರಮ್ಮಾ” ಎನ್ನುವರು, ಕೈಕಟ್ಟಿ ನಿಲ್ಲುವರು. ಬಾಗಿಲು ಮುಚ್ಚಿತೆಂದರೆ ಕನ್ನಡ, ಕೂಡಲೇ ನಾನು ‘ನೀ’. ಆಗ ಬೈಗುಳಕ್ಕೂ ಅಡ್ಡಿಯಿಲ್ಲ.

ಅವರ ಊರು ಉತ್ತಮಪಾಳಯಂನಿಂದ ಟೌನ್ ಬಸ್ಸಿನಲ್ಲಿ ಇಪ್ಪತ್ತು ನಿಮಿಷ, ಸುತ್ತ ಬಾಳೆತೋಟ. ತಮ್ಮನ ಸಂಸಾರದ ಜೊತೆ ಇದ್ದರು. ಮದುವೆಯಾಗಿ ಎರಡನೇ ವರ್ಷಕ್ಕೆ ಗಂಡ ಸತ್ತು, ಬೋಡಿಮೆಟ್ಟಿನ ಏಲಕ್ಕಿ ತೋಟಗಳಲ್ಲಿ ತಾಯಿಯೊಡನೆ ಕಾಯಿ ಬಿಡಿಸುತ್ತಿದ್ದವರು, ಆಮೇಲೆ ಕಾಲೇಜಿಗೆ ಬಂದವರು. ಮೊದಲ ಸಲ ಮನೆಗೆ ಕರೆದುಕೊಂಡು ಹೋದಾಗ ಕೂರಿಸಲಿಲ್ಲ, ನೀರೂ ಕೊಡಲಿಲ್ಲ, ಸೀದಾ ಹಿತ್ತಲಿಗೆ ನಡೆಸಿದರು. ದನದ ಕೊಟ್ಟಿಗೆಗೂ ಕಾಂಪೌಂಡಿಗೂ ನಡುವೆ ಉದ್ದಕ್ಕೆ ಒಂದು ಪಟ್ಟಿ ಜಾಗ. ಸಾಲಾಗಿ ಎಣ್ಣೆ ಡಬ್ಬಿಗಳು, ಒಡೆದ ಮಡಕೆಗಳು. ಮಲ್ಲಿಗೆಯಿಲ್ಲ, ಗುಲಾಬಿಯಿಲ್ಲ, ತುಳಸಿಯೂ ಇಲ್ಲ. ಒಂದು ಡಬ್ಬಿಯಲ್ಲಿ ಎಲೆಯೇ ಇಲ್ಲದ ನಾಲ್ಕು ಮೂಲೆಯ ಹಸಿರು ಕಡ್ಡಿ, ಅದರ ತುದಿಯಲ್ಲಿ ಕಪ್ಪುಗೆಂಪು ಹೂವಿನ ಚೆಂಡು. ಬಗ್ಗಿ ಮೂಸಿದೆ. ಸತ್ತ ಇಲಿಯ ನಾತ. ಹಿಂದಕ್ಕೆ ಹಾರಿದೆ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅವ್ಳು ಕೆಂಪಕ್ಕ. ಎದುರುಮನೆಯವ್ರು ಮೂರ್ ದಿನ ಅಟ್ಟ ಎಲ್ಲ ಹುಡುಕಿದ್ರು, ಎಲಿ ಸತ್ತದೆ ಅಂತ. ನಾ ಬಾಯೇ ಬಿಡ್ಲಿಲ್ಲೆ.”

“ಕೆಂಪಕ್ಕನಾ? ಗಿಡದ ಹೆಸರಾ?”

“ಕೊಟ್ಟವ್ಳ ಪೇರು.”

ಹೆಸರಿಗೆ ನಮ್ಮ ಮನೆಗಳಲ್ಲಿ ತಮಿಳಿನಂತೆ ಪೇರು ಎಂದೇ ಹೇಳುವುದು. ಅಕ್ಕ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರನ್ನೇ ಪರಿಚಯ ಮಾಡಿಸಿದರು. ಬೆಂಕಿಯುರಿಯಂಥ ಕೆಂಪು ಹಳದಿ ದಳದ ಗೌರಿಹೂವಿನ ಗೆಡ್ಡೆ ವೇದಸಂದೂರಿನ ನಾದಿನಿ ಸಿನ್ನಮ್ಮ. ಬಾತುಕೋಳಿಯ ಕತ್ತಿನ ಹಾಗೆ ಬಗ್ಗಿದ ಹೂವಿನ ಈಶ್ವರಿ ಬಳ್ಳಿ ದೊಡ್ಡತ್ತೆ. ಮೂಲೆಯ ಕಾಡುಸುವರ್ಣಗೆಡ್ಡೆ ಅವರ ತಾಯಿ ಕಂಗಮ್ಮ. ಕೆಲವು ಮನೆಗಳ ಹೆಂಗಸರಲ್ಲಿ ಹೀಗೊಂದು ಪದ್ಧತಿ ಇತ್ತು. ಗೆಡ್ಡೆಯೋ ಕಡ್ಡಿಯೋ ಯಾರು ಕೈಯಾರೆ ಕೊಟ್ಟರೋ, ಪಡೆದವಳ ಮನೆಯಲ್ಲಿ ಆ ಗಿಡಕ್ಕೆ ಅವರದೇ ಹೆಸರು. ಅವಳು ಮುಂದೆ ಇನ್ನೊಬ್ಬಳಿಗೆ ಕೊಟ್ಟರೆ ಅಲ್ಲಿ ಇವಳ ಹೆಸರು. ಹಳೆಯ ಹೆಸರು ಅಲ್ಲಿಗೆ ಮುಗಿಯಿತು.

ನನ್ನವ್ವನೂ ಹೀಗೇ ಹೇಳುತ್ತಿದ್ದುದು ಆಗ ನೆನಪಾಯಿತು. ನಾನು ಅದನ್ನು ವಿಜ್ಞಾನವೆಂದು ತಿಳಿದಿರಲಿಲ್ಲ, ಹಾಗಾಗಿ ಮರೆತಿದ್ದೆ.

“ಮುಡಿಯುವ ಹೂವು ಒಂದೂ ಇಲ್ಲವಲ್ಲ ಅಕ್ಕಾ” ಎಂದೆ. ಕೇಳಬಾರದಿತ್ತು. ಅವರು ಬೇಸರಿಸಲಿಲ್ಲ. ಬರಿಯ ತಲೆಯ ಮೇಲೆ ಕೈಯಾಡಿಸಿಕೊಂಡು ಹೇಳಿದರು:

“ಮಲ್ಲಿಗೆ ಸಾಕಿದ್ರೆ ಊರ್ ಕಣ್ಣೆಲ್ಲ ನನ್ ತಲೆ ಮೇಲೆ ತಾಯಿ. ಮುಂಡೆಗೆ ಎದುಕು ಪೂವು ಅಂತಾರೆ. ಈ ನಾರೋದು, ನೊಣ ಹಿಡಿಯೋದು, ವಿಷ ಇರೋದು ಸಾಕಿದ್ರೆ ಯಾರೂ ಒಂದ್ ಮಾತು ಕೇಳಾದಿಲ್ಲೆ. ನಾ ಒಬ್ಳೇ ನೋಡ್ಕೋಬೋದು.”

ಆ ಹಿತ್ತಲಿನಲ್ಲಿ ಅವರು ಎಷ್ಟು ಖುಷಿಯಾಗಿರುತ್ತಿದ್ದರು ಎಂಬುದನ್ನು ಕಂಡೇ ನಂಬಬೇಕು. ಕೆಂಪಕ್ಕ ಅರಳಿದ ದಿನ ಬೆಳಿಗ್ಗೆ ಕಾಲೇಜಿಗೆ ಬಂದವರೇ ನನ್ನ ಕಿವಿಯಲ್ಲಿ “ಇವತ್ತು ನಾತ ಬಂದದೆ” ಎನ್ನುತ್ತಿದ್ದರು, ಮಗಳಿಗೆ ಗಂಡು ಗೊತ್ತಾದವರ ಹಾಗೆ.

ಇನ್ನೊಂದು ಸಲ ನಾನಲ್ಲಿದ್ದಾಗಲೇ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕಂಗಮ್ಮನ ಒಂದು ಗೆಡ್ಡೆ ಕೇಳಿದಳು. ಅಕ್ಕ ಮುಖ ಗಂಟಿಕ್ಕಿ, “ಕೊಡಾದಿಲ್ಲೆ. ನಾ ಒಳಗೆ ನೀರು ಕುಡಿಯಕ್ ಓಯ್ತೀನಿ, ಕುಡಿಯಕ್ ಹೊತ್ತಾಯ್ತದೆ” ಎಂದು ನನ್ನನ್ನೂ ಎಳೆದುಕೊಂಡು ಒಳಗೆ ಹೋದರು. ಹೊರಬಂದಾಗ ಮಣ್ಣು ಕೆದಕಿತ್ತು, ಆಕೆ ಮಾಯ. ನಾನು ಬಾಯಿಬಿಟ್ಟು ನೋಡುತ್ತಿದ್ದೆ. ಅಕ್ಕ ವಿವರಿಸಿದರು. ಕೊಟ್ಟರೆ ಆ ಮನೆಯಲ್ಲಿ ಗಿಡ ಅಕ್ಕನ ಹೆಸರಿಗೆ ತಿರುಗುತ್ತದೆ, ತಾಯಿಯ ಹೆಸರು ಹೋಗುತ್ತದೆ. ಕದ್ದರೆ ಹಾಗಲ್ಲ. ಕದ್ದ ಗಿಡಕ್ಕೆ ಕೊಟ್ಟವರು ಯಾರೂ ಇಲ್ಲ, ಹಳೆಯ ಹೆಸರೇ ಗಟ್ಟಿ. ಕದ್ದವಳು ಉಪಕಾರ ನೆನೆಯಬಾರದು, ಹೇಗೆ ಸಾಕಬೇಕೆಂದು ಕೇಳಲೂ ಬಾರದು. “ಕಳ್ಳಿಗೆ ಯಾರ್ ಪಾಡಂ ಏಳ್ಕೊಡ್ತಾರೆ?” ಎಂದು ನಕ್ಕರು. ಹೀಗೆ ಆ ಬೀದಿಯಲ್ಲಿ ಏಳೆಂಟು ಮನೆಗಳಲ್ಲಿ ಕಂಗಮ್ಮ ಇದ್ದಳು, ಎಲ್ಲ ಕದ್ದದ್ದೇ.

ಈಗ ನನ್ನ ತಪ್ಪಿನ ವಿಷಯ. ಇನ್ನು ಮುಂದೂಡಿದರೆ ಮತ್ತೆ ಪಾತ್ರೆ ತೊಳೆಯಲು ಎದ್ದುಬಿಡುತ್ತೇನೆ.

ನನ್ನ ಪಿಎಚ್.ಡಿ.ಗೆ ಜಿಲ್ಲೆಯ ಬೆಟ್ಟಗಳ ಬಳ್ಳಿಗಳನ್ನು ಸಂಗ್ರಹಿಸುತ್ತಿದ್ದ ಕಾಲ. ಐಪ್ಪಸಿ ತಿಂಗಳ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಬೋಡಿಯಿಂದ ಬೋಡಿಮೆಟ್ಟಿಗೆ ಹತ್ತುವ ಬಸ್ಸಿನಲ್ಲಿ ನನಗೂ ಅಕ್ಕನಿಗೂ ಸೀಟು ಸಿಕ್ಕಿತು, ಸಿಕ್ಕಿ ಪ್ರಯೋಜನವಾಗಲಿಲ್ಲ. ತಿರುವುಗಳಲ್ಲಿ ನನ್ನ ಹೊಟ್ಟೆ ತೊಳಸಿ, ಅರ್ಧ ದಾರಿಯಲ್ಲೇ ಇಳಿದು, ಒಂದು ಮೈಲಿಗಲ್ಲಿನ ಮೇಲೆ ತಲೆ ಹಿಡಿದು ಕೂತೆ. ಅಕ್ಕ ನನ್ನ ಮುಖಕ್ಕೆ ನೀರು ಎರಚಿ, “ನೀ ಕೂತಿರು” ಎಂದು ಬಂಡೆಗಳ ನಡುವೆ ಹತ್ತಿಹೋದರು. ಒಂದು ಗಂಟೆಯಾದ ಮೇಲೆ ಮೊಣಕಾಲು ತರಚಿಕೊಂಡು ಬಂದರು. ಮಡಿಲಲ್ಲಿ ಗೆಡ್ಡೆಸಮೇತ ಒಂದು ತೆಳ್ಳನೆಯ ಬಳ್ಳಿ.

“ಇದು ನಿನ್ ಪುಸ್ತಕದಲ್ಲಿ ಅದೆಯಾ?”

ಸೆರೊಪೀಜಿಯಾ ಎಂಬ ಕುಲದ ಬಳ್ಳಿ. ಹೂವು ಬೆರಳುದ್ದ. ಬುಡದಲ್ಲಿ ಪುಟ್ಟ ಬುರುಡೆ, ಮೇಲೆ ಕೊಳವೆ, ತುದಿಯಲ್ಲಿ ಐದು ದಳ ಒಂದಕ್ಕೊಂದು ಅಂಟಿ ಪಂಜರ. ಒಳಗೆ ಜಾರಿದ ನೊಣ ಕೆಳಮುಖವಾದ ಕೂದಲುಗಳಿಂದಾಗಿ ಮೇಲೆ ಬರಲಾರದು. ಮರುದಿನ ಕೂದಲು ಬಾಡಿದಾಗ ಮೈಗೆ ಪರಾಗ ಅಂಟಿಸಿಕೊಂಡು ಹೊರಗೆ ಹೋಗುತ್ತದೆ. ಅಕ್ಕನಿಗೆ ಅದೆಲ್ಲ ಮೊದಲೇ ಗೊತ್ತಿತ್ತು. “ಒಂದಿನ ಜೈಲು, ಆಮೇಲೆ ಬಿಡುಗಡೆ. ಪಾವಂ, ಕೊಲ್ಲಾದಿಲ್ಲೆ” ಎಂದರು. ಏಲಕ್ಕಿ ತೋಟಕ್ಕೆ ಹೋಗುತ್ತಿದ್ದ ಕಾಲದಲ್ಲೇ ಆ ಬಂಡೆ ಸಂದಿಯಲ್ಲಿ ಅದನ್ನು ಕಂಡಿದ್ದರಂತೆ. ತಿಳಿದವರಿಗೆ ಕಳಿಸಿದಾಗ ಈ ಜಿಲ್ಲೆಯಲ್ಲಿ ಇದನ್ನು ಯಾರೂ ದಾಖಲಿಸಿಲ್ಲ ಎಂದು ಉತ್ತರ ಬಂತು. ನನ್ನ ಗೈಡು ಬೆನ್ನು ತಟ್ಟಿದರು.

ಚೀಟಿ ಬರೆಯುವಾಗ ‘ಸಂಗ್ರಹಿಸಿದವರು’ ಎಂಬ ಸಾಲಿನಲ್ಲಿ ಕೈ ನಿಂತಿತು. ನಿಜವಾಗಿ ನಿಂತಿತು, ಅದನ್ನು ಬೇಕಾದರೆ ನನ್ನ ಪರವಾಗಿ ಹೇಳಿಕೊಳ್ಳಬಹುದು. ಗೈಡಿನ ಹತ್ತಿರ ಹೋಗಿ ಕೇಳಿದೆ. “ಅಟೆಂಡರುಗಳ ಹೆಸರು ಹಾಕುವ ರೂಢಿ ಇಲ್ಲಮ್ಮ. ಗಿಡಕ್ಕೆ ಹಾಕಿದ ನಂಬರು ನಿನ್ನ ಪುಸ್ತಕದ್ದು, ಸಂಗ್ರಹ ನಿನ್ನದು” ಎಂದರು. ನಾನು ವಾದಿಸಲಿಲ್ಲ. ವಾದಿಸದಿದ್ದುದು ನನಗೆ ಅನುಕೂಲವಾಗಿತ್ತು. ನನ್ನ ಹೆಸರು ಟೈಪು ಮಾಡಿದೆ.

ಅಕ್ಕನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ನನ್ನ ಹೆಸರಿನ ಚೀಟಿಗಳನ್ನು ನೂರಾರು ಸಲ ಅಂಟಿಸಿದವರು, ಅದರ ಆಕಾರ ಗೊತ್ತಿತ್ತು. ಆ ಹಾಳೆಯನ್ನು ಒಂದು ಮಧ್ಯಾಹ್ನವೆಲ್ಲ ಕೂತು ಹೊಲಿದರು. ಚೀಟಿ ಅಂಟಿಸಿ, ಕೊನೆಯ ಸಾಲಿನ ಮೇಲೆ ಬೆರಳು ಸವರಿದರು. ಆಮೇಲೆ ನೂಲನ್ನು ಹಲ್ಲಿನಿಂದ ಕಡಿದು, “ಅಳ್ಗಾಗಿ ಬಂದದೆ” ಎಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಇದಾದ ಎರಡು ವರ್ಷಕ್ಕೆ ನಾನು ಒಂದು ಉಪನ್ಯಾಸ ಮಾಡಿದೆ. ವಿಷಯ, ಸಸ್ಯಶಾಸ್ತ್ರದ ಚರಿತ್ರೆಯಲ್ಲಿ ಮಹಿಳೆಯರು. ಹೊಸ ಡಾಕ್ಟರೇಟಿನ ಬಿಸಿ, ಕೈ ಬೀಸಿ ಬೀಸಿ ಮಾತಾಡಿದೆ. ಗಂಡಂದಿರ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟ ಹೆಂಡಂದಿರು, ಜರೀಗಿಡ ಒತ್ತಿ ವಿಲಾಯತಿಗೆ ಕಳಿಸಿದ ದೊರೆಸಾನಿಯರು, ಗಂಡಸಿನ ವೇಷ ಹಾಕಿ ಹಡಗು ಹತ್ತಿ ಯಜಮಾನನ ಗಿಡಗಳನ್ನು ಹೊತ್ತ ಫ್ರಾನ್ಸಿನ ಹಳ್ಳಿಯ ಹೆಂಗಸು. ಹುಡುಗಿಯರು ಚಪ್ಪಾಳೆ ತಟ್ಟಿದರು. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಎಲ್ಲರೂ ಹೋದ ಮೇಲೆ ಬಂದು ಕೇಳಿದರು:

“ಆ ಗಂಡ್ ಬಟ್ಟೆ ಆಕಿದವ್ಳು. ಒತ್ತೋ ಹಲಗೆ ಯಾರ್ ಹೊತ್ರು?”

“ಅವಳೇ ಹೊತ್ತಳಂತೆ ಅಕ್ಕಾ.”

“ಬೆಟ್ಟ ಯಾರ್ ಹತ್ತಿದ್ದು?”

“ಯಜಮಾನನಿಗೆ ಕಾಲು ನೋವು. ಬಹಳ ಕಡೆ ಅವಳೇ.”

“ಆಮೇಲೆ ಅವ್ಳ್ ಪೇರು ಯಾವ್ ಸೆಡಿಗೆ ಇಟ್ರು?”

ಸೆಡಿ ಎಂದರೆ ಗಿಡ. ಅವಳೂ ಯಜಮಾನನೂ ತಂದ ಗಿಡಗಳಲ್ಲಿ ಕಾಂಪೌಂಡಿನ ಮೇಲೆ ಚೆಲ್ಲಿಕೊಂಡಿರುವ ಈ ಕಾಗದದ ಹೂವೂ ಒಂದು, ಅದಕ್ಕೆ ಹಡಗಿನ ಕಪ್ತಾನನ ಹೆಸರಿಟ್ಟರು, ಅವಳದು ಬಹಳ ಕಾಲ ಯಾವುದಕ್ಕೂ ಇರಲಿಲ್ಲ ಎಂದೆ. ಅಕ್ಕ ಕಿಟಕಿಯಿಂದ ಕಾಗದದ ಹೂವನ್ನು ನೋಡಿದರು. “ಸರಿ ಬಿಡು” ಎಂದು ಬೆಂಚು ಒರೆಸತೊಡಗಿದರು. ಅವರು ನನ್ನನ್ನು ಚುಚ್ಚಲು ಕೇಳಿದರೋ, ಸುಮ್ಮನೆ ಕೇಳಿದರೋ ಇವತ್ತಿಗೂ ತಿಳಿಯದು. ಚುಚ್ಚುವ ಜಾತಿಯ ಮನುಷ್ಯರಲ್ಲ. ಹಾಗಾಗಿ ಹೆಚ್ಚು ನೋವಾಯಿತು.

ಅದೇ ವರ್ಷ ಹುಡುಗಿಯರನ್ನು ವೇದಸಂದೂರಿನ ಕಡೆ ಗೌರಿಹೂವಿನ ಹೊಲಗಳಿಗೆ ಕರೆದೊಯ್ದೆವು. ಔಷಧಕ್ಕೆಂದು ಅದರ ಬೀಜ ಬೆಳೆಯುತ್ತಾರೆ. ತಾನಾಗಿ ಕಾಯಿ ಕಚ್ಚುವುದು ಕಡಿಮೆ. ಹೂವಿನ ಕಾಲದಲ್ಲಿ ದಿನಾ ಬೆಳಿಗ್ಗೆ ಹೆಂಗಸರು ಸಾಲು ಹಿಡಿದು ಒಂದೊಂದು ಹೂವಿನ ಪರಾಗವನ್ನೂ ಕೈಯಿಂದ ಮುಟ್ಟಿಸುತ್ತ ಹೋಗಬೇಕು. ನಮ್ಮ ವಿಭಾಗದ ಮುಖ್ಯಸ್ಥರು ರಸ್ತೆಯ ಮೇಲೆ ಕೊಡೆ ಹಿಡಿದು ನಿಂತು ವಿವರಿಸಿದರು. ಅಕ್ಕ ಆಗಲೇ ಹೊಲದೊಳಗೆ, ನಾದಿನಿ ಸಿನ್ನಮ್ಮನ ಪಕ್ಕದ ಸಾಲಿನಲ್ಲಿ. ಹೊರಡುವಾಗ ಹುಡುಗಿಯರನ್ನು ಕೇಳಿದರು, “ಸೆಡಿ ಪೇರು ಬರ್ಕೊಂಡ್ರಲ್ಲ, ಇವ್ರ ಪೇರೂ ಬರ್ಕೊಳ್ಳಿ.” ಹುಡುಗಿಯರು ನಕ್ಕರು. ಒಬ್ಬಳು ಮಾತ್ರ ರೆಕಾರ್ಡ್ ಪುಸ್ತಕದಲ್ಲಿ ಹನ್ನೊಂದು ಹೆಂಗಸರ ಹೆಸರು ಬರೆದಳು. ಮುಖ್ಯಸ್ಥರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ‘ಅನಗತ್ಯ’ ಎಂದು ಬರೆದರು. ಪಕ್ಕದಲ್ಲಿ ನನ್ನದೂ ಸಹಿ ಬೇಕಿತ್ತು. ಮಾಡಿದೆ.

ಅಕ್ಕ ನಿವೃತ್ತರಾದ ದಿನ ವಿಭಾಗದಲ್ಲಿ ಒಂದು ಶಾಲು, ಒಂದು ಗೋಡೆ ಗಡಿಯಾರ, ಮಿಕ್ಸ್ಚರು, ಕೇಸರಿಬಾತು. ಎಲ್ಲ ಮುಗಿದ ಮೇಲೆ ಹರ್ಬೇರಿಯಂ ಕೋಣೆಯಲ್ಲಿ ನನ್ನ ಕೈಗೆ ಒಂದು ಡಬ್ಬಿ ಇಟ್ಟರು. ಮೇಲೆ ಬರೀ ಮಣ್ಣು.

“ಬೆಟ್ಟದ ಬಳ್ಳಿ. ಅವತ್ತು ಎರಡು ಗೆಡ್ಡೆ ತಂದಿದ್ದೆ, ಒಂದು ನಿನ್ ಹಾಳೆಗೆ, ಒಂದು ನನ್ ಡಬ್ಬಿಗೆ. ಬ್ಯಾಸಿಗೇಲಿ ಮೇಲೆ ಏನೂ ಇರಾದಿಲ್ಲೆ, ಸತ್ತದೆ ಅಂತ ಬಿಸಾಕ್‌ಬೇಡ. ಮಲಗದೆ ಅಷ್ಟೇ.” ಸ್ವಲ್ಪ ಹೊತ್ತು ಡಬ್ಬಿಯಿಂದ ಕೈ ತೆಗೆಯಲಿಲ್ಲ. “ಇದು ಕದ್ದಿದ್ದಲ್ಲ ತಾಯಿ. ನಾ ಕೊಟ್ಟಿದ್ದು.”

ಅವರ ಹಿತ್ತಲಿನಿಂದ ಕದಿಯಲು ನನಗೂ ಎಷ್ಟೋ ಅವಕಾಶವಿತ್ತು. ಯಾರಿಗೂ ಏನೂ ಕೊಡದ ಹೆಂಗಸು ಕೈಯಾರೆ ಕೊಟ್ಟದ್ದು ಅದೊಂದೇ. ಯಾಕೆ ಎಂದು ನನಗೆ ಗೊತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತು. ಕಾಗದದ ಮೇಲೆ ಸಿಗದ ಹೆಸರನ್ನು ಅವರು ಬಳ್ಳಿಯ ಮೇಲೆ ಇಟ್ಟು ಹೋಗುತ್ತಿದ್ದರು. ನಾನು ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ.

ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ನನ್ನ ನಿವೃತ್ತಿಗೆ ವಾರವಿರುವಾಗ ಒಂದು ಚೀಟಿ ಬರೆದುಕೊಂಡು ಹರ್ಬೇರಿಯಂ ಕೋಣೆಗೆ ಹೋದೆ. ಹಳೆಯ ಚೀಟಿಯನ್ನು ಕಿತ್ತುಹಾಕುವಂತಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ಅಂಟಿಸಬಹುದು. ಈ ಗಿಡವನ್ನು ಕಂಡವರು, ತಂದವರು, ಹೊಲಿದವರು ಇಂಥವರು ಎಂದು ಅಕ್ಕನ ಪೂರ್ತಿ ಹೆಸರು ಬರೆದಿದ್ದೆ. ವರ್ಷಗಟ್ಟಲೆ ಮುಂದೂಡಿದ ಐದು ನಿಮಿಷದ ಕೆಲಸ. ಬೀರು ತೆಗೆದರೆ ಮೂಗಿಗೆ ಧೂಳು. ನುಸಿಗುಳಿಗೆ ಹಾಕುವವರಿಲ್ಲದೆ ಹುಳು ಬಿದ್ದು ಕಟ್ಟುಗಟ್ಟಲೆ ಹಾಳೆ ತಿಂದು ಹಾಕಿದ್ದವು. ನಮ್ಮ ಹಾಳೆಯನ್ನು ಹುಡುಕಿ ಬೆಳಕಿಗೆ ಹಿಡಿದೆ. ಬಳ್ಳಿ ಇರಲಿಲ್ಲ. ಹಿಟ್ಟು ಉದುರಿ ಕೆಳಗೆ ಬಿತ್ತು. ಅಕ್ಕನ ಹೊಲಿಗೆಗಳು ಮಾತ್ರ ಹಾಳೆಯ ಮೇಲೆ ಹಾಗೇ ಇದ್ದವು. ಸಣ್ಣ ಸಣ್ಣ ಕುಣಿಕೆಗಳು ಬಳ್ಳಿ ಹೋದ ದಾರಿಯಲ್ಲೇ ಬುಡದಿಂದ ತುದಿಯವರೆಗೆ ಸಾಲಾಗಿ, ಏನನ್ನೂ ಹಿಡಿಯದೆ. ಕೆಳಮೂಲೆಯಲ್ಲಿ ಚೀಟಿ, ಅದರಲ್ಲಿ ನನ್ನ ಹೆಸರು ಸ್ಪಷ್ಟವಾಗಿತ್ತು.

ನೆಲದ ಮೇಲೆ ಕೂತುಬಿಟ್ಟೆ. ಬಳ್ಳಿಯೇ ಇಲ್ಲದ ಹಾಳೆಗೆ ತಂದವರ ಹೆಸರು ಅಂಟಿಸಿ ಯಾರಿಗೆ ತೋರಿಸುವುದು? ಬರೆದ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಟೌನ್ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಮೊದಲೇ ನಿಮ್ಮ ಹೆಸರು ಹಾಕಬೇಕಿತ್ತು, ಹಾಕಲಿಲ್ಲ, ನನ್ನಿಂದ ತಪ್ಪಾಯಿತು ಎಂದೂ ಹೇಳಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ. ಅಕ್ಕ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದರು, ಬಹಳ ಸೊರಗಿದ್ದರು.

“ಪೂಚಿಗೆ ನೂಲು ತಿನ್ನಕ್ ಬರಾದಿಲ್ಲೆ” ಎಂದು ನಕ್ಕರು, ಪೂಚಿಯೆಂದರೆ ಹುಳು. ಆಮೇಲೆ, “ಬಳ್ಳಿ ಅದೆಯಾ?”

“ಇದೆ ಅಕ್ಕಾ. ಡಬ್ಬಿ ಒಡೆದು ದೊಡ್ಡ ಕುಂಡಕ್ಕೆ ಹಾಕಿದೆ. ನಾಲ್ಕೈದು ಗೆಡ್ಡೆಯಾಗಿರಬೇಕು.”

“ಯಾರಿಗಾದ್ರೂ ಕೊಟ್ಟೆಯಾ?”

“ಇಲ್ಲ.”

“ಕೊಡ್‌ಬೇಡ” ಎಂದರು. ಇಷ್ಟು ನೇರವಾಗಿ ಅವರು ನನ್ನಿಂದ ಏನನ್ನೂ ಕೇಳಿದವರಲ್ಲ. ನಾನು ತಲೆಯಾಡಿಸಿದೆ. ಪರ್ಸಿನಲ್ಲಿದ್ದ ಚೀಟಿಯನ್ನು ತೋರಿಸಲು ಮನಸ್ಸು ಬರಲಿಲ್ಲ.

ಮುಂದಿನ ಚಿತ್ತಿರೈ ತಿಂಗಳಲ್ಲಿ ಎದೆನೋವೆಂದು ತೇನಿಯ ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ ಅಕ್ಕ ಹೋದರು. ನನಗೆ ಸುದ್ದಿ ತಲುಪಿದ್ದು ಮೂರನೆಯ ದಿನ. ಆಗ ನಾನು ದಿಂಡಿಗಲ್ಲಿಗೆ ಬಂದುಬಿಟ್ಟಿದ್ದೆ. ಹತ್ತನೆಯ ದಿನಕ್ಕೆ ಹೋದಾಗ ಹಿತ್ತಲು ಸ್ವಚ್ಛವಾಗಿತ್ತು. ಬಂದ ನೆಂಟರಿಗೆ ಊಟಕ್ಕೆ ಶಾಮಿಯಾನ ಹಾಕಲು ಜಾಗ ಬೇಕಿತ್ತು. ಬೇಸಿಗೆಯಲ್ಲಿ ಆ ಡಬ್ಬಿಗಳಲ್ಲಿ ಮಣ್ಣು ಬಿಟ್ಟು ಏನು ಕಾಣುತ್ತದೆ? ತಮ್ಮನ ಮಕ್ಕಳು ಎಲ್ಲವನ್ನೂ ಬಾಳೆತೋಟದ ಬದಿಗೆ ಸುರಿದು ಗುದ್ದಲಿಯಿಂದ ಮಟ್ಟ ಮಾಡಿದ್ದರು. “ಎಲ್ಲ ಒಣಗಿ ಹೋಗಿತ್ತು ಅತ್ತೆ” ಎಂದು ಪಾಪ ಸಂಕೋಚದಿಂದ ಹೇಳಿದರು. ಅವರ ಮೇಲೆ ಸಿಟ್ಟು ಮಾಡುವ ಶಕ್ತಿಯೂ ನನ್ನಲ್ಲಿರಲಿಲ್ಲ. ಕಂಗಮ್ಮ, ಕೆಂಪಕ್ಕ ಆ ಬೀದಿಯ ಬೇರೆ ಮನೆಗಳಲ್ಲಿ ಇದ್ದಾರೆ. ಬೆಟ್ಟದ ಬಳ್ಳಿಯನ್ನು ಮಾತ್ರ ಅಕ್ಕ ಯಾರಿಗೂ ಕದಿಯಲು ಬಿಟ್ಟಿರಲಿಲ್ಲ. ಬೋಡಿಮೆಟ್ಟಿನ ದಾರಿ ಅಗಲವಾಗಿ ಆ ಬಂಡೆಗಳೂ ಹೋಗಿವೆ, ನಾನು ಹೋಗಿ ನೋಡಿ ಬಂದೆ. ನಾನು ಬಲ್ಲಂತೆ ಉಳಿದದ್ದು ನನ್ನ ಮಹಡಿಯ ಮೇಲಿನ ಒಂದೇ ಕುಂಡ.

ಆಮೇಲೆ ನಿದ್ದೆ ಕಡಿಮೆಯಾಯಿತು. ನನಗೂ ವಯಸ್ಸಾಯಿತು, ಮಂಡಿ ನೋವು, ಮಹಡಿ ಹತ್ತುವುದು ಕಷ್ಟ. ಇವತ್ತಲ್ಲ ನಾಳೆ ನನ್ನ ಕುಂಡವನ್ನೂ ಯಾರೋ ಬೇಸಿಗೆಯಲ್ಲಿ ಸುರಿಯುತ್ತಾರೆ. ಯಾರಿಗಾದರೂ ಕೊಟ್ಟರೆ ಬಳ್ಳಿ ಉಳಿಯುತ್ತದೆ, ಆದರೆ ಅಲ್ಲಿ ಅದು ನನ್ನ ಹೆಸರಿನದಾಗುತ್ತದೆ. ಒಂದು ಸಲ ಕಾಗದದಲ್ಲಿ ತೆಗೆದುಕೊಂಡದ್ದು ಸಾಲದೆಂದು ಎರಡನೆಯ ಸಲ ಮಣ್ಣಿನಲ್ಲೂ ತೆಗೆದುಕೊಳ್ಳಲೇ?

ಈ ಜೂನಿನಲ್ಲಿ ಒಬ್ಬ ಹುಡುಗಿ ಮನೆಗೆ ಬಂದಳು. ಸಂಶೋಧನೆ ಮಾಡುತ್ತಿದ್ದಾಳೆ, ಕಂಬಂ ಕಡೆಯ ನಮ್ಮವರ ಮನೆಯವಳೇ. ನಾನು ಮನೆಮಾತಿನಲ್ಲಿ ಆಡಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನನ್ನ ಹಳೆಯ ಥೀಸಿಸ್ ಓದಿಕೊಂಡಿದ್ದಳು.

“ಮೇಡಂ, ನಿಮ್ಮ ಸೆರೊಪೀಜಿಯಾ ಎಲ್ಲೂ ಸಿಗಲಿಲ್ಲ” ಎಂದಳು.

“ನನ್ನದಲ್ಲ” ಎಂದು ಮಹಡಿಗೆ ಕರೆದುಕೊಂಡು ಹೋದೆ. ಬರೀ ಮಣ್ಣಿನ ಕುಂಡದ ಮುಂದೆ ಸ್ಟೂಲು ಹಾಕಿ ಕೂರಿಸಿ, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಇಲ್ಲಿ ಬರೆಯದ ಹೆಸರನ್ನೂ ಹೇಳಿದೆ. ಕೆಂಪಕ್ಕನ ನಾತಕ್ಕೆ ಅವಳು ನಕ್ಕಳು. ಹುಳು ತಿಂದ ಹಾಳೆಯ ವಿಷಯಕ್ಕೆ ಬಂದಾಗ ಪೆನ್ನು ಕೆಳಗಿಟ್ಟಳು. ಎಲ್ಲ ಮುಗಿದ ಮೇಲೆ ಕೇಳಿದಳು:

“ನನಗೊಂದು ಗೆಡ್ಡೆ ಕೊಡ್ತೀರಾ ಮೇಡಂ?”

“ಕೊಡಾದಿಲ್ಲೆ” ಎಂದೆ.

ಅವಳ ಮುಖ ಸಣ್ಣದಾಯಿತು. ನಾನು ಮಂಡಿ ಹಿಡಿದುಕೊಂಡು ಎದ್ದೆ.

“ಕಾಪಿ ಆಕ್ಕೊಂಡ್ ಬತ್ತೀನಿ. ಫ್ರಿಜ್ಜಿನ ಹಾಲು, ಕಾಯಕ್ ಹೊತ್ತಾಯ್ತದೆ.”

ಮೆಟ್ಟಿಲಿಳಿಯುವಾಗ ತಿರುಗಿ ನೋಡಲಿಲ್ಲ. ಅಡುಗೆಮನೆಯಲ್ಲಿ ಹಾಲು ಎರಡು ಸಲ ಉಕ್ಕಿತು, ಎರಡು ಸಲವೂ ಸ್ಟೋವ್ ಸಣ್ಣದು ಮಾಡಿ ಮತ್ತೆ ಕಾಯಿಸಿದೆ. ಇವಳಿಗೆ ತಿಳಿಯದೆ ಹೋದರೆ, ಸುಮ್ಮನೆ ಸ್ಟೂಲಿನ ಮೇಲೆ ಒಳ್ಳೆಯ ಹುಡುಗಿಯಾಗಿ ಕೂತಿದ್ದರೆ ಏನು ಗತಿ? ಕೂಗಿ ಹೇಳುವಂತೆಯೂ ಇಲ್ಲ. ಮೇಲೆ ಹೋದಾಗ ಅವಳು ಬೆನ್ನಿನ ಚೀಲವನ್ನು ಮಡಿಲಲ್ಲಿ ಅಪ್ಪಿಕೊಂಡು ಕೂತಿದ್ದಳು. ಲೋಟ ಹಿಡಿದ ಬೆರಳಿನ ಉಗುರುಗಳಲ್ಲಿ ಮಣ್ಣಿತ್ತು. ನಾವಿಬ್ಬರೂ ಮಳೆ ಯಾವಾಗ ಬರುತ್ತದೆ ಎಂದು ಮಾತಾಡಿಕೊಂಡು ಕಾಫಿ ಕುಡಿದೆವು. ಅವಳು ಹೇಗೆ ಸಾಕಬೇಕೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಳೆದ ವಾರ ಬಂದದ್ದು ಅವಳು ಕಳಿಸಿದ ಚಿತ್ರ. ಒಂದು ಪ್ಲಾಸ್ಟಿಕ್ ಬಕೆಟ್ಟು, ಅದರಲ್ಲಿ ಬಿದಿರುಕಡ್ಡಿ ಸುತ್ತಿ ಹತ್ತಿದ ಬಳ್ಳಿ, ಬಳ್ಳಿಯಲ್ಲಿ ಒಂದೇ ಒಂದು ಹೂವು, ಬುರುಡೆ, ಕೊಳವೆ, ಪಂಜರ ಎಲ್ಲ ಸರಿಯಾಗಿ. ಕಡ್ಡಿಗೆ ನೂಲಿನಿಂದ ಒಂದು ಚೀಟಿ ಕಟ್ಟಿದ್ದಾಳೆ. ದೊಡ್ಡದು ಮಾಡಿ ನೋಡಿದೆ. ಅಕ್ಕನ ಪೂರ್ತಿ ಹೆಸರು, ತಮಿಳಿನಲ್ಲಿ, ಅಕ್ಕ ಓದಬಹುದಾಗಿದ್ದ ಅಕ್ಷರದಲ್ಲಿ. ಬೇರೆ ಯಾರ ಹೆಸರೂ ಇಲ್ಲ.

ಚಿತ್ರದ ಕೆಳಗೆ ಹುಡುಗಿ ಒಂದು ಥ್ಯಾಂಕ್ಸ್ ಕೂಡ ಬರೆದಿರಲಿಲ್ಲ.